ಹೊಲ ನೋಡಿ ಪಹಣಿ ತಿದ್ದಿ: ಕರ್ನೆಲ್ ಡ್ರೈವರ್‌ಗಳ ದಾಖಲೆ ಸರಿಪಡಿಸುವ ಬಗೆ

ದಾವಣಗೆರೆ ವಿದ್ಯಾನಗರದ ನಮ್ಮ ಮನೆಯ ಮಹಡಿಗೆ ಭಾನುವಾರ ಬೆಳಿಗ್ಗೆ ನಾಲ್ಕೈದು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಲ್ಯಾಪ್‌ಟಾಪ್ ಹಿಡಿದು ಬರುತ್ತಾರೆ. ಲಿನಕ್ಸ್ ಕರ್ನೆಲ್‌ಗೆ, ಅಂದರೆ ಆ ಆಪರೇಟಿಂಗ್ ಸಿಸ್ಟಂನ ತಿರುಳಿಗೆ, ಡ್ರೈವರ್ (ಒಂದು ಸಾಧನವನ್ನು ನಡೆಸುವ ಕೋಡ್) ಬರೆಯುವುದನ್ನು ಒಟ್ಟಿಗೆ ಕಲಿಯುತ್ತಿದ್ದೇವೆ. ಹೋದ ಮಳೆಗಾಲದಲ್ಲಿ, ಚಿತ್ರದುರ್ಗದಿಂದ ಬಸ್ಸಿಗೆ ಬರುವ ಹುಡುಗಿಯೊಬ್ಬಳು ಎರಡು ರಾತ್ರಿ ನಿದ್ದೆಗೆಟ್ಟು ಬಂದು ಕೂತಳು. ಮಣ್ಣಿನ ತೇವಾಂಶ ಅಳೆಯುವ ಸೆನ್ಸರ್‌ಗೆ ಐ2ಸಿ (ಚಿಪ್‌ಗಳನ್ನು ಎರಡು ತಂತಿಯಲ್ಲಿ ಜೋಡಿಸುವ ಬಗೆ) ಡ್ರೈವರ್ ಬರೆಯುತ್ತಿದ್ದಳು. “ಸರ್, ನೋಟ್ಸ್‌ನಾಗೆ ಇದ್ದಂಗೇ ಬರ್ದೀನಿ, ಆದ್ರೂ ಕಂಪೈಲ್ ಆಗ್ವಲ್ದು” ಅಂದಳು.

ಸೀನಿಯರ್‌ಗಳಿಂದ ಕೈಯಿಂದ ಕೈಗೆ ಬಂದ ನೋಟ್ಸ್ ಅದು. ಅದರಲ್ಲಿ ಸಾಧನ ಸಿಕ್ಕಾಗ ಕರ್ನೆಲ್ ಕರೆಯುವ ಪ್ರೋಬ್ ಫಂಕ್ಷನ್‌ಗೆ ಎರಡು ಆರ್ಗ್ಯುಮೆಂಟ್ ಇದ್ದವು, ಸಾಧನ ತೆಗೆದಾಗ ಕರೆಯುವ ರಿಮೂವ್ ಫಂಕ್ಷನ್ ಒಂದು ಇಂಟ್ ಹಿಂತಿರುಗಿಸುತ್ತಿತ್ತು. ಬರೆದ ಕಾಲಕ್ಕೆ ಅದು ಸರಿಯೇ. ಆದರೆ 2022ರ ಡಿಸೆಂಬರ್‌ನಲ್ಲಿ ಬಂದ 6.1 ಆವೃತ್ತಿಯಿಂದ ಐ2ಸಿ ಡ್ರೈವರ್‌ಗಳ ರಿಮೂವ್ ಏನನ್ನೂ ಹಿಂತಿರುಗಿಸುವುದಿಲ್ಲ. ಮರುವರ್ಷ ಪ್ರೋಬ್‌ನ ಎರಡನೇ ಆರ್ಗ್ಯುಮೆಂಟೂ ಹೋಯಿತು. ಕೋಡ್ ಮುಂದೆ ನಡೆದಿತ್ತು, ಬರಹ ನಿಂತಲ್ಲೇ ನಿಂತಿತ್ತು.

ನಮ್ಮ ಜಿಲ್ಲೆಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಪಹಣಿಯಲ್ಲಿ ಅಜ್ಜನ ಹೆಸರು, ಬೆಳೆ ಕಾಲಂನಲ್ಲಿ ಮೆಕ್ಕೆಜೋಳ. ಹೊಲಕ್ಕೆ ಹೋಗಿ ನೋಡಿದರೆ ಮೊಮ್ಮಗ ಅಡಿಕೆ ಹಾಕಿದ್ದಾನೆ. ಆ ಕಾಗದ ನಂಬಿ ಯಾರೇ ವ್ಯವಹಾರಕ್ಕೆ ಇಳಿದರೂ ಪೇಚು. ಡ್ರೈವರ್‌ಗಳ ದಾಖಲೆಯೂ ಹೀಗೆಯೇ ಹಳಸುತ್ತದೆ, ಅದಕ್ಕೆ ಕಾರಣವೂ ಇದೆ. ಬಳಕೆದಾರರ ಪ್ರೋಗ್ರಾಂಗಳು ನೆಚ್ಚಿಕೊಂಡಿರುವ ಹೊರ ಬಾಗಿಲುಗಳನ್ನು ಮುರಿಯುವುದಿಲ್ಲ ಎಂಬುದು ಕರ್ನೆಲ್‌ನವರ ಕಟ್ಟುನಿಟ್ಟು. ಒಳಗಿನ ಕೋಣೆಗಳ ಬಗ್ಗೆ ಅಂಥ ಮಾತು ಕೊಟ್ಟಿಲ್ಲ. ಉತ್ತಮ ದಾರಿ ಕಂಡರೆ ಒಳಗಿನ ಫಂಕ್ಷನ್‌ಗಳನ್ನು ಬದಲಿಸುತ್ತಲೇ ಇರುತ್ತಾರೆ. ಕರ್ನೆಲ್ ಮೂಲದ ಅರ್ಧಕ್ಕಿಂತ ಹೆಚ್ಚು ಸಾಲುಗಳು ಡ್ರೈವರ್‌ಗಳವು. 9–10 ವಾರಕ್ಕೊಂದು ಹೊಸ ಆವೃತ್ತಿ ಬರುತ್ತದೆ. ಅಷ್ಟು ದೊಡ್ಡ ಹೊಲಕ್ಕೆ ಪಹಣಿ ತಿದ್ದುವ ಕೈ ಎಷ್ಟಿದ್ದರೂ ಸಾಲದು.

ಆ ಕೈ ನಿಮ್ಮದೂ ಆಗಬಹುದು. 1951ರಲ್ಲೇ ಎಂಜಿನಿಯರಿಂಗ್ ಕಾಲೇಜು ಕಂಡ ಊರು ನಮ್ಮದು. ಸಿ ಭಾಷೆ ಓದಿ ಅರ್ಥ ಮಾಡಿಕೊಳ್ಳುವಷ್ಟು ಬಂದರೆ, ಒಂದು ಸಾಧಾರಣ ಲ್ಯಾಪ್‌ಟಾಪ್ ಇದ್ದರೆ ಸಾಕು. ಇಲ್ಲಿ ಕಮಾಂಡ್‌ಗಳನ್ನು ಉಚ್ಚರಿಸುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ಮುಂದೆ ಬರುವ ‘ಡಬ್ಲ್ಯು’, ‘ಸ್ಫಿಂಕ್ಸ್‌ಡಿರ್ಸ್’ ಮಾತ್ರ ದೊಡ್ಡಕ್ಷರದಲ್ಲಿ, ‘ಡಾಕ್ಯುಮೆಂಟೇಶನ್’ ಫೋಲ್ಡರ್‌ನ ಮೊದಲ ಅಕ್ಷರವೂ ದೊಡ್ಡದು.

ಮೊದಲು ಮೂಲವನ್ನು ತನ್ನಿ

ಕೋಡ್‌ನ ಬದಲಾವಣೆಗಳ ಇತಿಹಾಸ ಇಡುವ ಗಿಟ್ ಎಂಬ ಸಾಧನದಿಂದ ‘ಗಿಟ್ ಕ್ಲೋನ್’ ಮಾಡಿ, ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಅವರ ಮುಖ್ಯ ಮೂಲವನ್ನು ಇಳಿಸಿಕೊಳ್ಳಿ. ಹಲವು ಜಿಬಿ ಆಗುತ್ತದೆ, ರಾತ್ರಿ ಹಚ್ಚಿ ಮಲಗುವುದು ಲೇಸು. ಇತಿಹಾಸ ಬಿಟ್ಟು ಕೊನೆಯ ಸ್ಥಿತಿಯನ್ನಷ್ಟೇ ತರುವ ಅಡ್ಡದಾರಿಯೂ ಇದೆ, ಆದರೆ ನಮ್ಮ ಕೆಲಸಕ್ಕೆ ಆ ಇತಿಹಾಸವೇ ಬೇಕು. ಯಾವ ಸಾಲು ಯಾವಾಗ, ಏಕೆ ಬದಲಾಯಿತು ಎನ್ನುವುದು ಅಲ್ಲಿಯೇ ಸಿಗುವುದು.

ಒಳಗೆ ‘ಡಾಕ್ಯುಮೆಂಟೇಶನ್’ ಎಂಬ ಫೋಲ್ಡರ್ ಇದೆ. ಡ್ರೈವರ್ ಬರೆಯುವವರಿಗಾಗಿ ‘ಡ್ರೈವರ್-ಎಪಿಐ’, ಯಂತ್ರ ನೋಡಿಕೊಳ್ಳುವವರಿಗಾಗಿ ‘ಅಡ್ಮಿನ್-ಗೈಡ್’, ಸಿಸ್‌ಎಫ್‌ಎಸ್ (ಸಾಧನಗಳ ಸ್ಥಿತಿಯನ್ನು ಕಡತಗಳಂತೆ ತೋರಿಸುವ ವ್ಯವಸ್ಥೆ) ಕಡತಗಳ ವಿವರಕ್ಕೆ ‘ಎಬಿಐ’, ಹಾರ್ಡ್‌ವೇರ್ ಜೋಡಣೆ ವಿವರಿಸುವ ‘ಡಿವೈಸ್‌ಟ್ರೀ ಬೈಂಡಿಂಗ್ಸ್’. ಇವುಗಳಲ್ಲಿ ಇಲ್ಲದ ಇನ್ನೊಂದು ದೊಡ್ಡ ಪಾಲು ದಾಖಲೆ ಸಿ ಕಡತಗಳಲ್ಲೇ ಇದೆ: ಓರೆಗೆರೆ, ಅದರ ಬೆನ್ನಿಗೆ ಎರಡು ನಕ್ಷತ್ರದಿಂದ ಶುರುವಾಗುವ ಟಿಪ್ಪಣಿಗಳು. ಇವಕ್ಕೆ ಕರ್ನೆಲ್-ಡಾಕ್ ಎನ್ನುತ್ತಾರೆ. 2016ರಲ್ಲಿ ಸ್ಫಿಂಕ್ಸ್ ಎಂಬ ಸಾಧನ ಬಂದ ಮೇಲೆ ಈ ಟಿಪ್ಪಣಿಗಳೂ ಫೋಲ್ಡರ್‌ನ ಬರಹಗಳೂ ಕೂಡಿ ಒಂದೇ ಪುಸ್ತಕದಂತೆ ಹೊರಬರುತ್ತವೆ.

ಹಳಸಿದ್ದನ್ನು ಹುಡುಕುವುದು

ಕಾಗುಣಿತದ ತಪ್ಪು ಹುಡುಕುತ್ತಾ ಹೊರಡಬೇಡಿ. ಅದನ್ನು ತಿದ್ದುವುದು ತಪ್ಪಲ್ಲ, ಆದರೆ ಅದರಿಂದ ಯಾರ ರಾತ್ರಿ ನಿದ್ದೆಯೂ ಉಳಿಯುವುದಿಲ್ಲ. ನಿಮ್ಮ ಕೈಯಲ್ಲಿ ಇರುವ ಒಂದು ಸಾಧನವನ್ನು ಆರಿಸಿ: ಲ್ಯಾಬಿನ ಸೆನ್ಸರ್, ಮನೆಯ ವೈಫೈ ಡಾಂಗಲ್, ಹಳೆಯ ಪ್ರಿಂಟರ್. ಅದರ ಡ್ರೈವರ್ ಕಡತದ ಮೇಲೆ ‘ಗಿಟ್ ಲಾಗ್’ ಓಡಿಸಿ, ದಾಖಲೆ ಕಡತದ ಮೇಲೂ ಓಡಿಸಿ, ಎರಡರ ದಿನಾಂಕ ಅಕ್ಕಪಕ್ಕ ಇಡಿ. ಡ್ರೈವರ್ ನಾಲ್ಕು ವರ್ಷದಲ್ಲಿ ಮೂವತ್ತು ಸಲ ಬದಲಾಗಿ ದಾಖಲೆ ಒಮ್ಮೆಯೂ ಬದಲಾಗದಿದ್ದರೆ ಅಲ್ಲಿ ಕೆಲಸವಿದೆ ಎಂದೇ ಲೆಕ್ಕ.

ಇನ್ನೊಂದು ದಾರಿ: ‘ಮೇಕ್’ ಜತೆಗೆ ‘ಡಬ್ಲ್ಯು ಸಮ ಒಂದು’ ಎಂದು ಕೊಟ್ಟು ಆ ಫೋಲ್ಡರನ್ನು ಕಂಪೈಲ್ ಮಾಡಿ. ಫಂಕ್ಷನ್‌ಗೆ ಹೊಸ ಪ್ಯಾರಾಮೀಟರ್ ಸೇರಿ, ಟಿಪ್ಪಣಿಯಲ್ಲಿ ಅದರ ವಿವರ ಇಲ್ಲದಿದ್ದರೆ ಎಚ್ಚರಿಕೆ ಕಾಣಿಸುತ್ತದೆ. ಆದರೆ ಯಂತ್ರಕ್ಕೆ ತಿಳಿಯುವುದು ಹೆಸರು ಇದೆಯೋ ಇಲ್ಲವೋ ಎಂಬುದಷ್ಟೇ. ಬರೆದ ವಿವರ ನಿಜವೋ ಎಂದು ತಿಳಿಯಲು ಮನುಷ್ಯರೇ ಬೇಕು. ನಮ್ಮ ಹುಡುಗನೊಬ್ಬ ಎಚ್ಚರಿಕೆ ಬಂದಲ್ಲೆಲ್ಲ ಪ್ಯಾರಾಮೀಟರ್‌ನ ಹೆಸರನ್ನೇ ಇನ್ನೊಮ್ಮೆ ಬರೆದು ಬಾಯಿ ಮುಚ್ಚಿಸಿದ್ದ. ‘ಡೆವ್: ಡಿವೈಸ್’, ‘ಲೆನ್: ಲೆಂತ್’. ಉದ್ದ ಬೈಟ್‌ಗಳಲ್ಲೋ ಪದಗಳಲ್ಲೋ, ಸೊನ್ನೆ ಕೊಡಬಹುದೋ ಬಾರದೋ, ಓದುವವನಿಗೆ ಬೇಕಾದ್ದು ಅದು. ಇಡೀ ಬೆಳಿಗ್ಗೆ ಕೂತು ಮತ್ತೆ ಬರೆಸಿದೆ.

ಕೋಡ್ ಓದುವುದೇ ಅಸಲು ಕೆಲಸ

ಇಲ್ಲಿ ಅವಸರ ಮಾಡಬೇಡಿ. ಒಂದು ಪ್ಯಾರಾ ತಿದ್ದಲು ಒಂದು ದಿನ ಓದಬೇಕಾದರೂ ಓದಿ. ಮೂರು ಪ್ರಶ್ನೆಗಳನ್ನು ನಾನು ಯಾವಾಗಲೂ ಕೇಳಿಸುತ್ತೇನೆ.

ಈ ಫಂಕ್ಷನ್ ನಿದ್ದೆ ಹೋಗಬಹುದೇ? ನಾನು ಕಂಡಂತೆ ದಾಖಲೆಗಳಲ್ಲಿ ಹೆಚ್ಚು ಬಿಟ್ಟುಹೋಗುವುದೂ ಬಿಟ್ಟರೆ ಹೆಚ್ಚು ಕಾಡುವುದೂ ಇದೇ. ಮೆಮೊರಿಗಾಗಿಯೋ ಮ್ಯೂಟೆಕ್ಸ್ ಎಂಬ ಬೀಗಕ್ಕಾಗಿಯೋ ಕಾಯುತ್ತಾ ಸಿಪಿಯು ಬಿಟ್ಟುಕೊಡುವುದಕ್ಕೆ ಕರ್ನೆಲ್ ಭಾಷೆಯಲ್ಲಿ ನಿದ್ದೆ ಎನ್ನುತ್ತಾರೆ. ಇಂಟರಪ್ಟ್ (ಹಾರ್ಡ್‌ವೇರ್‌ನ ತುರ್ತು ಕರೆ) ನಿಭಾಯಿಸುವಾಗ, ಸ್ಪಿನ್‌ಲಾಕ್ ಎಂಬ ಇನ್ನೊಂದು ಬಗೆಯ ಬೀಗ ಹಿಡಿದಿರುವಾಗ ನಿದ್ದೆ ಹೋಗುವಂತಿಲ್ಲ, ಹೋದರೆ ಇಡೀ ಯಂತ್ರ ಸ್ತಬ್ಧವಾಗಬಹುದು. ಆದ್ದರಿಂದ ಫಂಕ್ಷನ್ ಒಳಗೆ ಕರೆಯುವ ಪ್ರತಿಯೊಂದನ್ನೂ ಬೆನ್ನು ಹತ್ತಿ. ಮೆಮೊರಿ ಕೇಳುವಾಗ ‘ಜಿಎಫ್‌ಪಿ ಕರ್ನೆಲ್’ ಎಂದಿದ್ದರೆ ನಿದ್ದೆ ಹೋಗಬಹುದು, ‘ಜಿಎಫ್‌ಪಿ ಅಟಾಮಿಕ್’ ಎಂದಿದ್ದರೆ ಹೋಗುವುದಿಲ್ಲ. ‘ಮೈಟ್ ಸ್ಲೀಪ್’ ಎಂಬ ಗುರುತನ್ನು ಕೆಲವರು ಇಟ್ಟಿರುತ್ತಾರೆ. ತಿಳಿದ ಉತ್ತರವನ್ನು ಕರ್ನೆಲ್-ಡಾಕ್‌ನ ‘ಕಾಂಟೆಕ್ಸ್ಟ್’ ಸಾಲಿನಲ್ಲಿ ಬರೆಯಿರಿ. ಅನುಮಾನ ಉಳಿದರೆ ‘ಡೀಬಗ್ ಅಟಾಮಿಕ್ ಸ್ಲೀಪ್’ ಆಯ್ಕೆ ಹಚ್ಚಿ ಕರ್ನೆಲ್ ಕಟ್ಟಿ ಓಡಿಸಿ. ತಪ್ಪು ಜಾಗದಲ್ಲಿ ಮಲಗಿದ ಫಂಕ್ಷನ್‌ನ ಹೆಸರು ಸಮೇತ ಲಾಗ್‌ನಲ್ಲಿ ಸಿಗುತ್ತದೆ. ಅಲ್ಲಿ ಏನೂ ಬರದಿದ್ದರೆ ನೀವು ಓಡಿಸಿದ ದಾರಿ ಮಾತ್ರ ಸರಿ ಎಂದರ್ಥ. ಉಳಿದ ದಾರಿಗಳನ್ನು ಓದಿಯೇ ತಿಳಿಯಬೇಕು.

ಏನನ್ನು ಹಿಂತಿರುಗಿಸುತ್ತದೆ? ‘ಸೋತರೆ ಮೈನಸ್ ಒಂದು’ ಎಂದು ದಾಖಲೆ ಹೇಳುತ್ತಿರಬಹುದು, ಕೋಡ್ ನೋಡಿದರೆ ಮೆಮೊರಿ ಸಾಲದಾಗ ಒಂದು ಸಂಖ್ಯೆ, ಸಾಧನ ಸಿಗದಾಗ ಇನ್ನೊಂದು. ಪ್ರೋಬ್ ಫಂಕ್ಷನ್‌ಗಳಲ್ಲಿ ‘ಇ-ಪ್ರೋಬ್-ಡಿಫರ್’ ಎಂಬುದನ್ನು ಬಿಡಲೇಬೇಡಿ. ‘ನನಗೆ ಬೇಕಾದ ಕ್ಲಾಕೋ ರೆಗ್ಯುಲೇಟರೋ ಇನ್ನೂ ಸಿದ್ಧವಿಲ್ಲ, ಆಮೇಲೆ ಮತ್ತೆ ಕರೆ’ ಎಂದು ಡ್ರೈವರ್ ಕರ್ನೆಲ್‌ಗೆ ಹೇಳುವ ಮಾತು ಅದು. ಅದನ್ನು ಸೋಲು ಎಂದುಕೊಂಡು ಪರದಾಡಿದ ಹುಡುಗರನ್ನು ನೋಡಿದ್ದೇನೆ.

ಮೂರನೆಯದು ಅಳತೆಯ ಮಾನ. ಎಚ್‌ಡಬ್ಲ್ಯುಮಾನ್ (ಹಾರ್ಡ್‌ವೇರ್ ಮಾನಿಟರಿಂಗ್) ವಿಭಾಗದ ಡ್ರೈವರ್‌ಗಳು ತಾಪಮಾನವನ್ನು ಸೆಲ್ಸಿಯಸ್‌ನ ಸಾವಿರದ ಒಂದು ಭಾಗದಲ್ಲಿ ಕೊಡುತ್ತವೆ. ಏಪ್ರಿಲ್‌ನ ನಮ್ಮೂರ ಮಧ್ಯಾಹ್ನ 38 ಡಿಗ್ರಿ ಇದ್ದರೆ ಕಡತದಲ್ಲಿ ಕಾಣುವುದು 38000. ವೋಲ್ಟೇಜ್ ಮಿಲಿವೋಲ್ಟ್‌ನಲ್ಲಿ, ವಿದ್ಯುತ್ ಶಕ್ತಿ ಮೈಕ್ರೋವ್ಯಾಟ್‌ನಲ್ಲಿ. ಮಾನ ಬರೆಯದ ಸಂಖ್ಯೆ, ಎಕರೆಯೋ ಗುಂಟೆಯೋ ಹೇಳದ ಪಹಣಿ.

ಬದಲಾವಣೆ ಯಾವಾಗ ಆಯಿತೆಂದು ತಿಳಿಯಲು ‘ಗಿಟ್ ಬ್ಲೇಮ್’ ಇದೆ. ಆ ಸಾಲು ತಂದ ಕಮಿಟ್‌ನ (ಗಿಟ್‌ನಲ್ಲಿ ದಾಖಲಾದ ಒಂದು ಬದಲಾವಣೆ) ಸಂದೇಶವನ್ನು ಪೂರ್ತಿ ಓದಿ. ಎಷ್ಟೋ ಸಲ ದಾಖಲೆಗೆ ಬೇಕಾದ ಅತ್ಯುತ್ತಮ ವಿವರಣೆ ಅಲ್ಲಿಯೇ ಅವಿತಿರುತ್ತದೆ.

ಬರೆಯುವುದು, ಕಟ್ಟಿ ನೋಡುವುದು

ಇಂಗ್ಲಿಷ್ ಅಂದರೆ ನಮ್ಮ ಮಕ್ಕಳು ಹಿಂಜರಿಯುತ್ತಾರೆ. ಈ ದಾಖಲೆಗೆ ಬೇಕಾದ್ದು ಅಲಂಕಾರದ ಇಂಗ್ಲಿಷ್ ಅಲ್ಲ, ಸಣ್ಣ ವಾಕ್ಯ, ವರ್ತಮಾನ ಕಾಲ, ಒಂದು ವಾಕ್ಯಕ್ಕೆ ಒಂದು ಸಂಗತಿ. ಕನ್ನಡದಲ್ಲಿ ಮೊದಲು ಪಕ್ಕದವರಿಗೆ ಬಾಯಲ್ಲಿ ಹೇಳಿ, ಅವರಿಗೆ ಅರ್ಥವಾದ ಮೇಲೆ ಬರೆಯಿರಿ. ನಮ್ಮ ಮಹಡಿಯಲ್ಲಿ ಇದೇ ಪದ್ಧತಿ. ಬಾಯಲ್ಲಿ ತೊಡರಿದ ಕಡೆ ಕೋಡ್ ಇನ್ನೂ ಅರ್ಥವಾಗಿಲ್ಲ ಎಂದು ಗೊತ್ತಾಗಿಬಿಡುತ್ತದೆ.

ಕಡತಗಳು ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಎಂಬ ಸರಳ ರೂಪದಲ್ಲಿವೆ. ತಲೆಬರಹದ ಕೆಳಗಿನ ಗೆರೆ ತಲೆಬರಹಕ್ಕಿಂತ ಗಿಡ್ಡ ಇರಬಾರದು, ಕೋಡ್ ತುಣುಕಿಗೆ ಮುನ್ನ ಎರಡು ಕೋಲನ್. ಫಂಕ್ಷನ್ ಹೆಸರಿನ ಕೊನೆಗೆ ಖಾಲಿ ಆವರಣ ಹಾಕಿದರೆ ಕೊಂಡಿ ತಾನಾಗಿ ಬೀಳುತ್ತದೆ. ನಂತರ ‘ಮೇಕ್ ಎಚ್‌ಟಿಎಂಎಲ್‌ಡಾಕ್ಸ್’ ಓಡಿಸಿ. ಪೂರ್ತಿ ಕಟ್ಟಲು ಬಹಳ ಹೊತ್ತು ಹಿಡಿಯುತ್ತದೆ, ‘ಸ್ಫಿಂಕ್ಸ್‌ಡಿರ್ಸ್’ ಎಂದು ಕೊಟ್ಟು ನಿಮ್ಮ ಫೋಲ್ಡರ್ ಒಂದನ್ನೇ ಕಟ್ಟಿಕೊಳ್ಳಿ. ಹೊಸ ಎಚ್ಚರಿಕೆ ಒಂದೂ ಬರಬಾರದು. ಬ್ರೌಸರ್‌ನಲ್ಲಿ ತೆರೆದು ಕಣ್ಣಾರೆ ನೋಡಿ.

ಪ್ಯಾಚ್ ಮಾಡಿ ಕಳಿಸುವುದು

ಪ್ಯಾಚ್ ಎಂದರೆ ಬದಲಾದ ಸಾಲುಗಳನ್ನು ತೋರಿಸುವ ಕಡತ. ಒಂದು ಪ್ಯಾಚ್‌ಗೆ ಒಂದು ಬದಲಾವಣೆ. ಕಾಗುಣಿತವನ್ನೂ ತಿರುಳನ್ನೂ ಬೆರೆಸಿದರೆ ಪರಿಶೀಲಿಸುವವರಿಗೆ ಮುಖ್ಯವಾದದ್ದು ಕಾಣದೆ ಹೋಗುತ್ತದೆ. ಸಂದೇಶದ ಮೊದಲ ಸಾಲು 75 ಅಕ್ಷರ ಮೀರದಿರಲಿ, ಅಪ್ಪಣೆ ಕೊಡುವ ಧಾಟಿಯಲ್ಲಿರಲಿ. ಕೆಳಗೆ ಏನು ಹಳಸಿತ್ತು, ಯಾವ ಕಮಿಟ್‌ನಿಂದ ಹಳಸಿತು ಎಂದು ಬರೆಯಿರಿ. ಆ ಕಮಿಟ್‌ನ ಗುರುತಿನ ಮೊದಲ 12 ಅಕ್ಷರ, ಅದರ ತಲೆಬರಹ ಎರಡೂ ಇರಲಿ.

‘ಗಿಟ್ ಕಮಿಟ್’ ಜತೆ ‘ಎಸ್’ ಆಯ್ಕೆ ಕೊಟ್ಟರೆ ‘ಸೈನ್ಡ್-ಆಫ್-ಬೈ’ ಎಂದು ನಿಮ್ಮ ಹೆಸರು ಸೇರುತ್ತದೆ. ಇದು ಶಿಷ್ಟಾಚಾರದ ಸಾಲಲ್ಲ. ಎಸ್‌ಸಿಓ ಕಂಪನಿ 2003ರಲ್ಲಿ ಐಬಿಎಂ ಮೇಲೆ ದಾವೆ ಹೂಡಿ ಲಿನಕ್ಸ್ ಕೋಡ್‌ನ ಮೂಲದ ಬಗ್ಗೆಯೇ ಪ್ರಶ್ನೆ ಎದ್ದ ಮೇಲೆ, 2004ರಲ್ಲಿ ಈ ಪದ್ಧತಿ ಬಂತು. ‘ಇದನ್ನು ಕೊಡುವ ಹಕ್ಕು ನನಗಿದೆ’ ಎಂಬ ಸಹಿ ಅದು. ಬೇರೆ ಕಡೆಯಿಂದ ನಕಲು ಮಾಡಿದ ಪ್ಯಾರಾಕ್ಕೆ ಈ ಸಹಿ ಹಾಕಬಾರದು.

‘ಚೆಕ್‌ಪ್ಯಾಚ್’ ಸ್ಕ್ರಿಪ್ಟ್‌ನಿಂದ ತಪಾಸಣೆ ಮಾಡಿ, ‘ಗೆಟ್ ಮೇಂಟೇನರ್’ ಸ್ಕ್ರಿಪ್ಟ್‌ಗೆ ಪ್ಯಾಚ್ ಕೊಟ್ಟು ಯಾರಿಗೆ ಕಳಿಸಬೇಕೆಂದು ತಿಳಿಯಿರಿ. ದಾಖಲೆ ವಿಭಾಗದ ಹೊಣೆಯನ್ನು ಬಹುಕಾಲದಿಂದ ಹೊತ್ತವರು ಜೊನಾಥನ್ ಕಾರ್ಬೆಟ್, ಆದರೆ ಆಯಾ ಡ್ರೈವರ್‌ನ ಪಾಲಕರಿಗೂ ಪ್ರತಿ ಹೋಗಬೇಕು. ಕಳಿಸಲು ‘ಗಿಟ್ ಸೆಂಡ್-ಇಮೇಲ್’ ಬಳಸಿ. ಜಿಮೇಲ್‌ನ ವೆಬ್ ಪುಟದಲ್ಲಿ ಅಂಟಿಸಿದರೆ ಟ್ಯಾಬ್‌ಗಳು ಸ್ಪೇಸ್ ಆಗಿ ಪ್ಯಾಚ್ ಕೆಡುತ್ತದೆ. ಮೊದಲು ನಿಮ್ಮ ವಿಳಾಸಕ್ಕೇ ಒಂದು ಸಲ ಕಳಿಸಿ, ಬಂದದ್ದನ್ನು ‘ಗಿಟ್ ಎಎಂ’ನಿಂದ ಹಚ್ಚಿ ನೋಡಿ. ಈ ಹತ್ತು ನಿಮಿಷ ಉಳಿಸಲು ಹೋಗಬೇಡಿ.

ಉತ್ತರ ಬಂದಾಗ ಪ್ರಶ್ನೆಯ ಕೆಳಗೇ ಉತ್ತರಿಸಿ, ಮೇಲೆ ಅಲ್ಲ. ತಿದ್ದಿ ಮತ್ತೆ ಕಳಿಸುವಾಗ ‘ವಿ2’ ಎಂದು ಗುರುತು ಹಾಕಿ, ಮೂರು ಅಡ್ಡಗೆರೆಯ ಕೆಳಗೆ ಏನು ಬದಲಾಯಿತೆಂದು ಬರೆಯಿರಿ. ಉತ್ತರವೇ ಬಾರದಿದ್ದರೆ ಕನಿಷ್ಠ ಒಂದು ವಾರ ಕಾಯಿರಿ. ಹೊಸ ಆವೃತ್ತಿಗೆ ಬದಲಾವಣೆ ಸೇರಿಸುವ ಎರಡು ವಾರದ ಮರ್ಜ್ ವಿಂಡೋ ನಡೆಯುತ್ತಿದ್ದರೆ ಇನ್ನೂ ತುಸು ತಾಳಿ.

ಚಿತ್ರದುರ್ಗದ ಆ ಹುಡುಗಿ ತನ್ನ ಡ್ರೈವರ್ ಸರಿಮಾಡಿಕೊಂಡ ಮೇಲೆ, ಮೊದಲು ಆ ನೋಟ್ಸ್‌ನ ಪುಟವನ್ನು ತಿದ್ದಿ, ಅಂಚಿನಲ್ಲಿ ಕರ್ನೆಲ್ ಆವೃತ್ತಿಯ ಸಂಖ್ಯೆ ಬರೆದು ಜೂನಿಯರ್‌ಗಳಿಗೆ ಕೊಟ್ಟಳು. ಈಗ ಇನ್ನೊಂದು ಸೆನ್ಸರ್ ಡ್ರೈವರ್‌ನ ‘ಕಾಂಟೆಕ್ಸ್ಟ್’ ಸಾಲು ಬರೆಯುತ್ತಿದ್ದಾಳೆ. ಫಂಕ್ಷನ್ ಐದು ಹಂತ ಕೆಳಗೆ ಒಂದು ಮ್ಯೂಟೆಕ್ಸ್ ಹಿಡಿಯುತ್ತದೆಂದು ಕಳೆದ ಭಾನುವಾರ ಮಧ್ಯಾಹ್ನ ಎರಡರ ಹೊತ್ತಿಗೆ ಪತ್ತೆ ಮಾಡಿದಳು. ಊಟಕ್ಕೆ ಎದ್ದದ್ದು ಆಮೇಲೆ.