ನೀರು ಬಿದ್ದಿದೆ ಅಂದರು, ಬರೆದು ಕೊಡಿ ಅಂದೆ

ಸಕಲೇಶಪುರದಿಂದ ಹಾನುಬಾಳು ಕಡೆ ಹೋಗುವ ದಾರಿಯಲ್ಲಿ, ಸ್ವಲ್ಪ ಒಳಗೆ ನಮ್ಮ ತೋಟ. ಆರು ಎಕರೆ ಕಾಫಿ, ಮಧ್ಯೆ ಮೆಣಸು, ಜೊತೆಗೆ ಎರಡು ಕೋಣೆಯ ಹೋಂಸ್ಟೇ. ಜೂನ್ ಬಂತೆಂದರೆ ಡಬ್ಬಿಯಲ್ಲಿರುವ ಉಪ್ಪು ನೀರಾಗುತ್ತದೆ. ಬೆಲ್ಟು, ಚಪ್ಪಲಿ, ಮದುವೆ ಆಲ್ಬಮ್ಮು ಎಲ್ಲಕ್ಕೂ ಬೂಷ್ಟು. ಬಟ್ಟೆ ಒಣಗುವುದು ಒಲೆಯ ಮೇಲಿನ ಅಟ್ಟದಲ್ಲಿ. ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ ಅಂತ ಹಿರಿಯರು ಹೇಳುತ್ತಾರಲ್ಲ, 2024ರಲ್ಲಿ ಆರಿದ್ರಾ ಮಳೆ ಚೆನ್ನಾಗಿಯೇ ಆಯಿತು. ದರಿದ್ರ ಬಂದಿದ್ದು ನನ್ನ ಫೋನಿಗೆ.

ಎಂಟು ತಿಂಗಳ ಫೋನು. ಬೆಲೆ 27,999. ಒಂದು ರಾತ್ರಿ ಚಾರ್ಜಿಗೆ ಹಾಕಿದರೆ ಪರದೆಯ ಮೇಲೆ ನೀರಿನ ಹನಿಯ ಚಿತ್ರ. ಪೋರ್ಟಿನಲ್ಲಿ ತೇವ ಇದೆ, ಚಾರ್ಜ್ ಆಗೋದಿಲ್ಲ ಅಂತ. ಫ್ಯಾನಿನ ಕೆಳಗಿಟ್ಟೆ, ಅಕ್ಕಿ ಡಬ್ಬಿಯಲ್ಲಿಟ್ಟೆ. ಅಕ್ಕಿಯಲ್ಲಿ ಇಡಬಾರದಂತೆ, ಪುಡಿ ಒಳಗೆ ಹೋಗುತ್ತದಂತೆ. ಅದು ಗೊತ್ತಾಗಿದ್ದು ಆಮೇಲೆ. ಮೂರನೇ ದಿನ ಬ್ಯಾಟರಿ ಶೇಕಡಾ 15ಕ್ಕೆ ಇಳಿದಿತ್ತು. ಸಕಲೇಶಪುರದಲ್ಲಿ ಆ ಕಂಪನಿಯ ಸರ್ವಿಸ್ ಸೆಂಟರ್ ಇಲ್ಲ. ಹಾಸನದ ಬಸ್ಸು ಹತ್ತಿದೆ.

ಸರ್ವಿಸ್ ಸೆಂಟರಿನ ಹುಡುಗ ಸಿಮ್ ಟ್ರೇ ಎಳೆದು, ಟಾರ್ಚ್ ಬಿಟ್ಟು ನೋಡಿ, ಅರ್ಧ ನಿಮಿಷದಲ್ಲಿ ತೀರ್ಪು ಕೊಟ್ಟ. ‘ಸರ್, ನೀರು ಬಿದ್ದಿದೆ. ವಾರಂಟಿ ಬರಲ್ಲ. ಬೋರ್ಡ್ ಚೇಂಜ್, ಹದಿನಾಲ್ಕು ಸಾವಿರ.’ ಫೋನುಗಳ ಒಳಗೆ ಒಂದು ಪುಟ್ಟ ಬಿಳಿ ಚೀಟಿ ಅಂಟಿಸಿರುತ್ತಾರೆ. ನೀರು ತಾಗಿದರೆ ಅದು ಕೆಂಪಾಗುತ್ತದೆ. ನನ್ನದು ಕೆಂಪಾಗಿತ್ತು. ಹವೆಯಲ್ಲಿನ ತೇವಕ್ಕೆ ಕೆಂಪಾಗೋದಿಲ್ಲ ಅಂತ ತಯಾರಕರು ಹೇಳುತ್ತಾರೆ. ಆ ಮಾತು ಹೇಳುವವರು ಒಂದು ಜುಲೈ ನಮ್ಮ ಮನೆಯಲ್ಲಿ ಇದ್ದು ನೋಡಬೇಕು.

ಅದಿರಲಿ. ಈ ಫೋನು ಕೊಳ್ಳುವಾಗ ಅಂಗಡಿಯ ಗೋಡೆಯಲ್ಲಿ ದೊಡ್ಡ ಪೋಸ್ಟರ್ ಇತ್ತು. ಫೋನಿನ ಮೇಲೆ ನೀರು ಸುರಿಯುತ್ತಿರುವ ಚಿತ್ರ, ಪಕ್ಕದಲ್ಲಿ ಐಪಿ67 ಅನ್ನೋ ಗುರುತು. ಅದರ ಅರ್ಥ, ದೂಳು ಒಳಗೆ ಹೋಗಬಾರದು, ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿಸಿಟ್ಟರೂ ಕೆಡಬಾರದು. ಪ್ರಯೋಗಶಾಲೆಯಲ್ಲಿ, ಹೊಸ ಫೋನಿನ ಮೇಲೆ, ಸಿಹಿನೀರಿನಲ್ಲಿ ಮಾಡುವ ಪರೀಕ್ಷೆ ಅದು. ವಾರಂಟಿ ಪುಸ್ತಕದ ಕೊನೆಯ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಇನ್ನೊಂದು ಮಾತಿರುತ್ತದೆ: ನೀರಿನಿಂದ ಆದ ಹಾನಿಗೆ ವಾರಂಟಿ ಇಲ್ಲ. ಗೋಡೆಯ ಮೇಲೆ ಒಂದು, ಪುಸ್ತಕದಲ್ಲಿ ಒಂದು.

ಇದು ನಮ್ಮೂರಿನ ತಕರಾರು ಮಾತ್ರ ಅಲ್ಲ. 2020ರ ನವೆಂಬರ್‌ನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಇದೇ ವಿಷಯಕ್ಕೆ ಆ್ಯಪಲ್‌ಗೆ 1 ಕೋಟಿ ಯೂರೋ ದಂಡ ಹಾಕಿತು. ನೀರು ತಡೆಯುತ್ತದೆ ಅಂತ ಜಾಹೀರಾತು ಕೊಡುವುದು, ನೀರು ಬಿದ್ದರೆ ವಾರಂಟಿ ಇಲ್ಲ ಅನ್ನುವುದು, ಎರಡೂ ಒಟ್ಟಿಗೆ ನಡೆಯಲ್ಲ ಅಂದರು. 2022ರಲ್ಲಿ ಆಸ್ಟ್ರೇಲಿಯಾದ ಕೋರ್ಟು ಸ್ಯಾಮ್‌ಸಂಗ್‌ಗೆ 1.4 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಈಜುಕೊಳದಲ್ಲಿ, ಸಮುದ್ರದಲ್ಲಿ ಬಳಸಬಹುದು ಅನ್ನೋ ಹಾಗೆ ಜಾಹೀರಾತು ಮಾಡಿದ್ದರು. ಒದ್ದೆಯಾಗಿದ್ದಾಗ ಚಾರ್ಜ್ ಮಾಡಿದರೆ ಪೋರ್ಟು ತುಕ್ಕು ಹಿಡಿಯುತ್ತಿತ್ತು. ನನ್ನ ಫೋನು ಯಾವ ಕಂಪನಿಯದು ಅಂತ ಇಲ್ಲಿ ಬರೆಯಲ್ಲ. ಯಾರ ವಾರಂಟಿ ಪುಸ್ತಕದ ಕೊನೆ ಪುಟ ತೆರೆದರೂ ಹೆಚ್ಚು ಕಮ್ಮಿ ಅದೇ ಸಾಲು.

ಕೌಂಟರಿನಲ್ಲಿ ನಿಂತು ನಾನು ಕೇಳಿದ್ದು ಒಂದೇ. ‘ನೀರು ಬಿದ್ದಿದೆ, ವಾರಂಟಿ ಇಲ್ಲ ಅಂತ ಬರೆದು ಕೊಡಿ.’ ಹುಡುಗ ಮ್ಯಾನೇಜರನ್ನು ಕರೆದ. ಮ್ಯಾನೇಜರ್ ನಕ್ಕರು. ‘ಬರೆದು ಕೊಡೋ ಪದ್ಧತಿ ಇಲ್ಲ ಸರ್, ಸಿಸ್ಟಂನಲ್ಲಿ ಇರುತ್ತೆ.’ ಆಯಿತು ಅಂತ ಅಲ್ಲೇ ಬೆಂಚಿನ ಮೇಲೆ ಕೂತು, ಮಗನ ಹಳೇ ಫೋನಿನಿಂದ ಕಂಪನಿಯ ಗ್ರಾಹಕ ಸೇವೆಗೂ ಸರ್ವಿಸ್ ಸೆಂಟರಿಗೂ ಇಮೇಲ್ ಹಾಕಿದೆ. ‘ಈ ದಿನ ಬೆಳಿಗ್ಗೆ 11.40ಕ್ಕೆ ನಿಮ್ಮ ಸಿಬ್ಬಂದಿ ಹೀಗೆ ಹೇಳಿದರು. ಫೋನ್ ಬಿಚ್ಚಿ ನೋಡಿಲ್ಲ. ಲಿಖಿತವಾಗಿ ಕೊಡಲು ನಿರಾಕರಿಸಿದರು. ಇದರಲ್ಲಿ ತಪ್ಪಿದ್ದರೆ ಮೂರು ದಿನದಲ್ಲಿ ತಿಳಿಸಿ.’ ಇಷ್ಟೇ. ಎರಡನೇ ದಿನ ಉತ್ತರ ಬಂತು. ಅದರಲ್ಲಿ ‘ಕಸ್ಟಮರ್ ಇಂಡ್ಯೂಸ್ಡ್ ಡ್ಯಾಮೇಜ್’ ಅನ್ನೋ ಮಾತಿತ್ತು, ಅಂದರೆ ಗ್ರಾಹಕನೇ ಮಾಡಿಕೊಂಡ ಹಾನಿ. ಕೌಂಟರಿನಲ್ಲಿ ಬರೆದು ಕೊಡದೇ ಇದ್ದದ್ದನ್ನು ತಾವೇ ಬರೆದು ಕಳಿಸಿದ್ದರು. ಮುಂದೆ ಕೇಸಿನಲ್ಲಿ ನನ್ನ ಕೈಯಲ್ಲಿದ್ದ ಅತಿ ಒಳ್ಳೆಯ ಕಾಗದ ಅದೇ.

ಅವತ್ತು ಇನ್ನೊಂದು ಜಟಾಪಟಿ ಆಯಿತು, ಅದನ್ನೂ ಹೇಳಬೇಕು. ಫೋನು ಒಳಗೆ ತೆಗೆದುಕೊಳ್ಳುವಾಗ ತುಂಬುವ ಜಾಬ್ ಶೀಟಿನಲ್ಲಿ ಒಂದು ಚೌಕ ಇರುತ್ತದೆ. ಅದರೊಳಗೆ ರಂಗೋಲಿ ಚುಕ್ಕಿಯ ಹಾಗೆ ಮೂರು ಸಾಲು, ಒಂಬತ್ತು ಚುಕ್ಕಿ. ಗ್ರಾಹಕ ತನ್ನ ಪ್ಯಾಟರ್ನ್ ಲಾಕನ್ನು ಅಲ್ಲಿ ಎಳೆದು ತೋರಿಸಬೇಕು. ಕೌಂಟರಿನ ಹುಡುಗಿ ಪೆನ್ನು ಕೊಟ್ಟಳು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಆಗಲೇ ಎಳೆದು, ಸಹಿ ಹಾಕಿ, ಶೀಟನ್ನು ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದರು.

‘ಚಾರ್ಜ್ ಆಗದ ಫೋನಿಗೆ ಪ್ಯಾಟರ್ನ್ ಯಾಕಮ್ಮಾ?’ ಅಂದೆ. ‘ಟೆಸ್ಟಿಂಗಿಗೆ’ ಅಂದಳು. ‘ಚಾರ್ಜಿಗೆ ಹಾಕಿದರೆ ಲಾಕ್ ತೆಗೆಯದೆ ಗೊತ್ತಾಗುತ್ತೆ ಅಲ್ವಾ?’ ಅದಕ್ಕೆ ಉತ್ತರ ಇರಲಿಲ್ಲ. ಕಾಲಂ ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದೆ ಹೋಗಲ್ಲ ಅಂದಳು. ಪಾಪ, ಅವಳ ತಪ್ಪಲ್ಲ.

ನಾನು ಹೆದರಿದ್ದು ನನ್ನ ಫೋಟೋಗಳಿಗಲ್ಲ. ಹೋಂಸ್ಟೇಗೆ ಬಂದವರ ಆಧಾರ್ ಚಿತ್ರಗಳು ಆ ಫೋನಿನಲ್ಲಿದ್ದವು. ಎರಡು ವರ್ಷದ್ದು, ಹಳೇ ಫೋನಿಂದ ಹೊಸದಕ್ಕೆ ತಾನಾಗಿಯೇ ಬಂದು ಕೂತಿದ್ದವು. ಯಾರೋ ಬೆಂಗಳೂರಿಂದ ಮಂಜು ನೋಡಲು ಬಂದು, ಒಂದು ರಾತ್ರಿ ಮಲಗಿ, ಅಕ್ಕಿರೊಟ್ಟಿ ತಿಂದು ಹೋದರು. ಅವರ ಆಧಾರ್ ನಂಬರು, ವಿಳಾಸ ನನ್ನ ಗ್ಯಾಲರಿಯಲ್ಲಿ, ಕಾಫಿ ಗಿಡದ ರೋಗದ ಫೋಟೋಗಳ ಪಕ್ಕದಲ್ಲಿ. ಸರ್ವಿಸ್ ಸೆಂಟರಿನವರನ್ನು ಬೈಯುವ ಮೊದಲು ನನ್ನನ್ನೇ ಬೈದುಕೊಳ್ಳಬೇಕಿತ್ತು. ಈಗ ಮಾಸ್ಕ್ಡ್ ಆಧಾರ್ ಸಾಕು ಅಂತ ಮೊದಲೇ ಮೆಸೇಜ್ ಕಳಿಸುತ್ತೇನೆ. ಅದರಲ್ಲಿ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುತ್ತದೆ. ಫೋನಿನಲ್ಲಿ ಚಿತ್ರ ಉಳಿಸಿಕೊಳ್ಳುವುದಿಲ್ಲ.

ಅವತ್ತು ಫೋನು ಕೊಡದೇ ವಾಪಸ್ ಬಂದೆ. ಉಳಿದಿದ್ದ ಶೇಕಡಾ 15ರಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಕೂತು ಆಧಾರ್ ಚಿತ್ರಗಳನ್ನು ಅಳಿಸಿದೆ. ಟ್ರ್ಯಾಶ್ ಫೋಲ್ಡರನ್ನೂ ಖಾಲಿ ಮಾಡಿದೆ, ಇಲ್ಲದಿದ್ದರೆ ಅಲ್ಲಿ ಇನ್ನೂ ಕೆಲವು ದಿನ ಉಳಿದಿರುತ್ತವೆ. ಮುಖ್ಯವಾದದ್ದನ್ನು ಗೂಗಲ್ ಖಾತೆಗೆ ಕಳಿಸಿ, ಸಿಮ್ಮು ಮೆಮೊರಿ ಕಾರ್ಡು ತೆಗೆದು, ಫ್ಯಾಕ್ಟರಿ ರಿಸೆಟ್ ಒತ್ತಿದೆ. ಬ್ಯಾಟರಿ ಕಮ್ಮಿ ಇದ್ದರೆ ಕೆಲವು ಫೋನು ರಿಸೆಟ್ ಮಾಡಲು ಬಿಡಲ್ಲ. ನನ್ನ ಅದೃಷ್ಟ, ಆಯಿತು. ಸಿಮ್ ಹಳೇ ಫೋನಿಗೆ ಹಾಕಿ ವಾಟ್ಸ್ಆ್ಯಪ್, ಯುಪಿಐ ಎರಡನ್ನೂ ಹೊಸದಾಗಿ ನೋಂದಾಯಿಸಿಕೊಂಡೆ. ಪೂರ್ತಿ ಸತ್ತ ಫೋನಾದರೆ ಇದ್ಯಾವುದೂ ಆಗೋದಿಲ್ಲ. ಆಗ ಬೇರೆ ಫೋನಿಂದ ಗೂಗಲ್ ಖಾತೆಗೆ ಹೋಗಿ ಆ ಫೋನನ್ನು ಸೈನ್ ಔಟ್ ಮಾಡಬೇಕು, ಬ್ಯಾಂಕಿಗೆ ತಿಳಿಸಬೇಕು. ಈಗ ಕೆಲವು ಕಂಪನಿಗಳ ಫೋನಿನಲ್ಲಿ ರಿಪೇರಿ ಮೋಡ್ ಅಂತ ಬಂದಿದೆ. ಅದನ್ನು ಹಾಕಿ ಕೊಟ್ಟರೆ ಮೆಕ್ಯಾನಿಕ್ಕಿಗೆ ಫೋನು ಕೆಲಸ ಮಾಡುತ್ತದೆ, ನಮ್ಮ ಫೋಟೋ ಮೆಸೇಜು ಕಾಣುವುದಿಲ್ಲ. ಇಷ್ಟು ಸುಲಭದ ದಾರಿ ಇದ್ದೂ ಒಂಬತ್ತು ಚುಕ್ಕಿ ಮುದ್ರಿಸುವುದು ಸುಮ್ನೆ ಸೋಮಾರಿತನ ಅಂತ ನನ್ನ ಅಭಿಪ್ರಾಯ.

1915ಕ್ಕೆ ಫೋನ್ ಮಾಡಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ದೂರನ್ನು ಕಂಪನಿಗೆ ಕಳಿಸಿ ಉತ್ತರ ತರಿಸುತ್ತಾರೆ. ಆದೇಶ ಮಾಡುವ ಅಧಿಕಾರ ಅವರಿಗಿಲ್ಲ. ಕಂಪನಿ ಅದೇ ಹಾಡು ಹಾಡಿತು. ಆ ಉತ್ತರವನ್ನೂ ಪ್ರಿಂಟ್ ತೆಗೆದು ಫೈಲಿಗೆ ಸೇರಿಸಿದೆ. ಆಮೇಲೆ ಕಂಪನಿಗೆ, ಸರ್ವಿಸ್ ಸೆಂಟರಿಗೆ, ಅಂಗಡಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ 15 ದಿನದ ನೋಟಿಸ್. ನಾನೇ ಬರೆದದ್ದು, ವಕೀಲರಿಲ್ಲ. ಉತ್ತರ ಬರಲಿಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದಿದ್ದು 2020ರ ಜುಲೈನಲ್ಲಿ. ಅದರಲ್ಲಿ ನಮ್ಮಂಥವರಿಗೆ ಬಹಳ ಉಪಯೋಗದ ಒಂದು ಬದಲಾವಣೆ ಇದೆ. ನಾವು ವಾಸ ಇರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. ಕಂಪನಿಯ ಆಫೀಸು ದೆಹಲಿಯಲ್ಲಿರಲಿ, ಬೆಂಗಳೂರಿನಲ್ಲಿರಲಿ, ಅವರೇ ಹಾಸನಕ್ಕೆ ಬರಬೇಕು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ಎರಡು ವರ್ಷದ ಒಳಗೆ ಹಾಕಬೇಕು, ಅಷ್ಟೇ. ಆನ್‌ಲೈನಿನಲ್ಲೂ ಹಾಕಬಹುದು. ಆಗ ಅದಕ್ಕೆ ಇ-ದಾಖಿಲ್ ಅನ್ನೋ ಪೋರ್ಟಲ್ ಇತ್ತು, 2025ರ ಜನವರಿಯಿಂದ ಇ-ಜಾಗೃತಿ. ನಮ್ಮ ತೋಟದ ನೆಟ್‌ವರ್ಕ್ ನಂಬಿ ನಾನು ಆ ಸಾಹಸಕ್ಕೆ ಹೋಗಲಿಲ್ಲ. ಹಾಸನದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಕಾಗದದ ಕಟ್ಟು ಹೊತ್ತುಕೊಂಡೇ ಹೋದೆ.

ದೂರು ಬರೆಯಲು ನಾಲ್ಕು ರಾತ್ರಿ ಹಿಡಿಯಿತು. ಮೊದಲ ಕರಡು ಒಂಬತ್ತು ಪುಟ, ಪೂರ್ತಿ ಸಿಟ್ಟು. ಹೆಂಡತಿ ಓದಿ, ‘ಇದರಲ್ಲಿ ಫೋನು ಯಾವ ದಿನ ಕೆಟ್ಟಿತು ಅಂತಲೇ ಇಲ್ಲವಲ್ಲ’ ಅಂದಳು. ಹರಿದು ಹಾಕಿದೆ. ಎರಡನೆಯದು ಮೂರು ಪುಟ, ಕನ್ನಡದಲ್ಲಿ. ತಾರೀಕು, ಏನಾಯಿತು, ಯಾವ ದಾಖಲೆ. ಕೊನೆಗೆ ನನ್ನ ವಾದ, ಎರಡೇ ಸಾಲು: ನೀರು ಒಳಗೆ ಹೋಗಿದೆ ಅನ್ನುವುದಾದರೆ ನೀರು ತಡೆಯುವ ಸೀಲಿನಲ್ಲೇ ದೋಷ ಇದೆ. ಹೋಗಿಲ್ಲ ಅನ್ನುವುದಾದರೆ ವಾರಂಟಿ ಕೊಡಿ. ಪೋಸ್ಟರಿನ ಫೋಟೋ, ಬಿಲ್ಲು, ಇಮೇಲು, ನೋಟಿಸಿನ ರಸೀದಿ, ಅಫಿಡವಿಟ್ಟು. ಆಯೋಗಕ್ಕೆ, ಎದುರಿನವರಿಗೆ ಅಂತ ಒಟ್ಟು ಆರು ಸೆಟ್ಟು. ಜೆರಾಕ್ಸು, ನೋಟರಿ, ಪೋಸ್ಟು, ಬಸ್ಸು ಸೇರಿ ಕೊನೆಯವರೆಗೆ ಖರ್ಚಾಗಿದ್ದು ಸುಮಾರು 1,900 ರೂಪಾಯಿ.

ಪ್ಯಾಟರ್ನ್ ವಿಷಯವನ್ನೂ ಒಂದು ಪ್ಯಾರಾ ಸೇರಿಸಿದೆ. ನಂಬಿಕೆಯಿಂದ ಕೊಟ್ಟ ಮಾಹಿತಿಯನ್ನು ಕಾನೂನಿನ ದಾರಿ ಬಿಟ್ಟು ಬೇರೆಯವರಿಗೆ ತಿಳಿಸುವುದನ್ನು ಈ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಅಂತಲೇ ಹೆಸರಿಸಿದೆ. ನಾನು ಮಾಹಿತಿ ಕೊಟ್ಟೇ ಇರಲಿಲ್ಲ, ಹಾಗಾಗಿ ನನ್ನ ವಾದ ಗಟ್ಟಿಯಾಗಿರಲಿಲ್ಲ. ಗೊತ್ತಿದ್ದೂ ಹಾಕಿದೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ ಕೇಸನ್ನು ತಂದವರು ನಮ್ಮ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿ, ಅದೂ ನಿವೃತ್ತರಾಗಿ ಎಷ್ಟೋ ವರ್ಷದ ಮೇಲೆ. ಅವರ ನೆನಪಿಗೆ ಒಂದು ಪ್ಯಾರಾ ಇರಲಿ ಅಂದುಕೊಂಡೆ.

ಎದುರಿನವರಿಗೆ ಉತ್ತರ ಕೊಡಲು 30 ದಿನ, ಕೇಳಿಕೊಂಡರೆ ಇನ್ನೂ 15. ಅದರ ಮೇಲೆ ಒಂದು ದಿನವೂ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಮ್ಮ ಕಂಪನಿಯವರು 44ನೇ ದಿನ ಸಲ್ಲಿಸಿದರು. ಮುಂದಿನ ದಿನಾಂಕ ಬಿದ್ದದ್ದು ಅರೇಬಿಕಾ ಕೊಯ್ಲಿನ ನಡುವೆ. ಆಳು ಸಿಗುವುದೇ ಕಷ್ಟದ ಕಾಲ, ನಾನು ಮಾತ್ರ ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ಸು ಹತ್ತುವುದು. ಪಕ್ಕದ ತೋಟದವರು ‘ಇಪ್ಪತ್ತೆಂಟು ಸಾವಿರಕ್ಕೆ ಇಷ್ಟೊಂದಾ?’ ಅಂದರು. ಹೌದು, ಲೆಕ್ಕ ಹಾಕಿದರೆ ಗಿಟ್ಟದ ಕೆಲಸ.

ಆವತ್ತು ಆಯೋಗದವರು ಕಂಪನಿಯ ವಕೀಲರನ್ನು ಕೇಳಿದ್ದು ಒಂದೇ ಪ್ರಶ್ನೆ. ‘ಫೋನು ಬಿಚ್ಚಿ ನೋಡಿದ ವರದಿ ಎಲ್ಲಿ?’ ವರದಿ ಇರಲಿಲ್ಲ. ಚೀಟಿ ಕೆಂಪಾಗಿದೆ ಅನ್ನೋ ಒಂದು ಸಾಲು, ಮತ್ತು ಆ ಇಮೇಲು. ವಕೀಲರು ಸಮಯ ಕೇಳಿದರು. ಹೊರಗೆ ಬಂದ ಮೇಲೆ ಕಾರಿಡಾರಿನಲ್ಲಿ ನನ್ನ ಹೆಗಲ ಮೇಲೆ ಕೈ ಹಾಕಿ, ‘ರಿಪೇರಿ ಫ್ರೀ ಮಾಡಿಸಿಕೊಡ್ತೀವಿ, ಮುಗಿಸೋಣ’ ಅಂದರು. ‘ಬರೆದು ಕೊಡಿ, ಹೆಂಡತಿಗೆ ತೋರಿಸಿ ಹೇಳ್ತೀನಿ’ ಅಂದೆ. ಎರಡು ತಿಂಗಳ ನಂತರ ಬರೆದದ್ದೇ ಬಂತು, ರಿಪೇರಿಯಲ್ಲ, ಫೋನಿನ ಪೂರ್ತಿ ಹಣ, ಮೇಲೆ ಖರ್ಚಿಗೆ 5,000. ಆಯೋಗದ ಮುಂದೆ ದಾಖಲಿಸಿ ಕೇಸು ಮುಗಿಯಿತು. ರಾಜಿ ಆದ್ದರಿಂದ ಸೀಲು, ಪೋಸ್ಟರು, ಪ್ಯಾಟರ್ನು ಯಾವುದರ ಮೇಲೂ ತೀರ್ಪು ಬರಲಿಲ್ಲ. ಅದೊಂದು ಬೇಜಾರು ಈಗಲೂ ಇದೆ. ಆದರೆ ಕೊಯ್ಲು ಬಿಟ್ಟು ಇನ್ನೊಂದು ವರ್ಷ ಅಲೆಯುವ ಶಕ್ತಿ ಇರಲಿಲ್ಲ ಅನ್ನೋದೂ ನಿಜ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದ್ದು 2023ರಲ್ಲಿ, ಅದರ ನಿಯಮ ಬಂದಿದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳು ಜಾರಿಯಾಗಲು ಅಲ್ಲಿಂದ ಇನ್ನೂ 18 ತಿಂಗಳು. ಕೆಲಸಕ್ಕೆ ಬೇಕಾದಷ್ಟೇ ಮಾಹಿತಿ ಕೇಳಬೇಕು ಅನ್ನುತ್ತದೆ ಕಾಯ್ದೆ. ಕಾಯ್ದೆಯ ಒಳಗೇ ಒಂದು ಉದಾಹರಣೆ ಇದೆ. ವೈದ್ಯರ ಸಲಹೆ ಕೊಡುವ ಆ್ಯಪು ಫೋನಿನಲ್ಲಿರುವ ನಂಬರುಗಳ ಪಟ್ಟಿಗೂ ಒಪ್ಪಿಗೆ ಕೇಳಿದರೆ, ಒಪ್ಪಿದ್ದರೂ ಅದು ಲೆಕ್ಕಕ್ಕಿಲ್ಲ, ಯಾಕೆಂದರೆ ಸಲಹೆಗೆ ಅದು ಬೇಕಿಲ್ಲ. ಚಾರ್ಜಿಂಗ್ ಪೋರ್ಟಿಗೂ ಒಂಬತ್ತು ಚುಕ್ಕಿಗೂ ಇರುವ ಸಂಬಂಧ ಅದಕ್ಕಿಂತ ಜಾಸ್ತಿಯೇನಲ್ಲ.

ಮೊನ್ನೆ ಹೆಂಡತಿಯ ಫೋನಿನ ಸ್ಪೀಕರ್ ಕೆಟ್ಟು ಮತ್ತೆ ಅದೇ ಕೌಂಟರಿಗೆ ಹೋದೆ. ಹುಡುಗಿ ಬೇರೆ, ಶೀಟು ಅದೇ, ಚುಕ್ಕಿಗಳೂ ಅವೇ. ಅವಳು ಪೆನ್ನು ಕೊಡುವ ಮೊದಲು ಹೆಂಡತಿ ರಿಪೇರಿ ಮೋಡ್ ಹಾಕಿ ಆಗಿತ್ತು. ಚುಕ್ಕಿಗಳ ಮೇಲೆ ಅಡ್ಡ ಗೆರೆ ಎಳೆದು, ಪಕ್ಕದಲ್ಲಿ ‘ಅಗತ್ಯವಿಲ್ಲ’ ಅಂತ ಬರೆದು ಸಹಿ ಹಾಕಿದಳು. ಹುಡುಗಿ ಒಂದು ಕ್ಷಣ ನೋಡಿ, ಕಂಪ್ಯೂಟರಿನ ಕಾಲಂನಲ್ಲಿ ನಾಲ್ಕು ಸೊನ್ನೆ ಒತ್ತಿ ಮುಂದೆ ಹೋದಳು.