ಚೆನ್ನೆಮಣೆಯ ಗುಳಿಗಳಲ್ಲಿ ಮಂತ್ರದ ಲೆಕ್ಕ

ಮೇಜಿನ ಸುತ್ತ ಕುಳಿತು, ಪಾತ್ರ ವಹಿಸಿ, ದಾಳ ಉರುಳಿಸಿ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಮಂತ್ರವಾದಿಯ ಪಾತ್ರ ವಹಿಸಿಕೊಂಡ ಹೊಸಬರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ನನಗೆ ಗೊತ್ತಿರುವ ಮಂತ್ರವನ್ನು ಎಷ್ಟು ಸಲ ಬೇಕಾದರೂ ಪ್ರಯೋಗಿಸಬಹುದೇ?’ ಶಿವಮೊಗ್ಗದ ನಮ್ಮ ಗುಂಪಿನಲ್ಲಿ ನಾನು ಡಂಜನ್ ಮಾಸ್ಟರ್. ಕಥೆ ನಡೆಸುವುದು, ನಿಯಮ ಕಾಯುವುದು ನನ್ನ ಕೆಲಸ. ಈ ಪ್ರಶ್ನೆಗೆ ನಾನು ಬಾಯಿಮಾತಿನ ಉತ್ತರ ಕೊಡುವುದಿಲ್ಲ. ಅಜ್ಜಿಯ ಮನೆಯಿಂದ ತಂದ ಚೆನ್ನೆಮಣೆಯನ್ನೂ ಒಂದು ಹಿಡಿ ಹುಣಸೆ ಬೀಜವನ್ನೂ ಮುಂದಿಡುತ್ತೇನೆ.

ನಾವು ಆಡುವುದು 2014ರ ಐದನೇ ಆವೃತ್ತಿ. ಅದರ ಮೂಲ ನಿಯಮಗಳನ್ನು ಪ್ರಕಾಶಕರು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಎಲ್ಲರಿಗೂ ಮುಕ್ತಗೊಳಿಸಿದರು. ಮಂತ್ರಗಳ ಭಾಗವನ್ನು ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ ಇಟ್ಟುಕೊಂಡಿದ್ದೇವೆ. ದುಬಾರಿ ಪುಸ್ತಕ ತರಿಸಿಕೊಳ್ಳಬೇಕಲ್ಲ ಎಂದು ಹಿಂಜರಿಯುವವರಿಗೆ ಇದನ್ನು ಮುಖ್ಯವಾಗಿ ಹೇಳಬೇಕು: ಆರಂಭಿಸಲು ಅಷ್ಟು ಸಾಕು.

ಚೆನ್ನೆಮಣೆಯ ಮೊದಲ ಗುಳಿ ಒಂದನೇ ಹಂತದ ಮಂತ್ರಗಳಿಗೆ, ಎರಡನೆಯದು ಎರಡನೇ ಹಂತಕ್ಕೆ, ಮೂರನೆಯದು ಮೂರನೇ ಹಂತಕ್ಕೆ. ಐದನೇ ಮಟ್ಟ ತಲುಪಿದ ವಿಝರ್ಡ್‌ಗೆ, ಅಂದರೆ ಓದಿ ಮಂತ್ರ ಕಲಿತ ಪಾತ್ರಕ್ಕೆ, ಕ್ರಮವಾಗಿ ನಾಲ್ಕು, ಮೂರು, ಎರಡು ಬೀಜ. ನಿಯಮಪುಸ್ತಕ ಇವನ್ನು ಸ್ಪೆಲ್ ಸ್ಲಾಟ್ ಎನ್ನುತ್ತದೆ. ಮಂತ್ರ ಹಾಕಿದಾಗ ಆ ಹಂತದ ಗುಳಿಯಿಂದ ಒಂದು ಬೀಜ ತೆಗೆದು ನನ್ನ ಕೈಗೆ ಕೊಡಬೇಕು. ಬೆಳಿಗ್ಗೆ ಸಿದ್ಧಪಡಿಸಿಕೊಂಡ ಮಂತ್ರಗಳ ಪಟ್ಟಿಯೇ ಬೇರೆ: ವಿಝರ್ಡ್‌ನ ಮಟ್ಟಕ್ಕೆ ಬುದ್ಧಿಶಕ್ತಿಯ ಮಾಡಿಫೈಯರ್ (+3, +4 ಎಂಬಂಥ ಹೆಚ್ಚುವರಿ ಅಂಕ) ಕೂಡಿಸಿದಷ್ಟು ಮಂತ್ರಗಳು ಅದರಲ್ಲಿರಬಹುದು. ಆ ಮಂತ್ರಗಳಲ್ಲಿ ಯಾವುದನ್ನು ಬೇಕಾದರೂ, ಬೀಜ ಇರುವವರೆಗೆ, ಮತ್ತೆ ಮತ್ತೆ ಹಾಕಬಹುದು. ಅಡುಗೆ ಬರುವುದು ಬೇರೆ, ಡಬ್ಬದಲ್ಲಿ ಅಕ್ಕಿ ಇರುವುದು ಬೇರೆ. ಸಣ್ಣ ಮಂತ್ರವನ್ನು ದೊಡ್ಡ ಗುಳಿಯ ಬೀಜ ಕೊಟ್ಟೂ ಹಾಕಬಹುದು. ಮ್ಯಾಜಿಕ್ ಮಿಸೈಲ್ ಒಂದನೇ ಹಂತದಲ್ಲಿ ಮೂರು ಬಾಣ ಬಿಟ್ಟರೆ ಮೂರನೇ ಹಂತದಲ್ಲಿ ಐದು ಬಿಡುತ್ತದೆ. ಕ್ಯಾಂಟ್ರಿಪ್ ಎಂಬ ಕಿರುಮಂತ್ರಗಳಿಗೆ ಮಾತ್ರ ಬೀಜ ಬೇಡ. ಅವು ದಿನವಿಡೀ ಉಚಿತ.

ಕಾಗದದ ಮೇಲೆ ಪೆನ್ಸಿಲ್ ಗೀಟು ಹಾಕಿದರೂ ಲೆಕ್ಕ ಸಿಗುತ್ತದೆ, ನಿಜ. ಆದರೆ ಬೀಜ ಕೈಬಿಟ್ಟು ಹೋಗುವಾಗ ಆಟಗಾರ ತಡೆದು ಯೋಚಿಸುತ್ತಾನೆ, ಪಕ್ಕದವರ ಗುಳಿಯಲ್ಲಿ ಎಷ್ಟು ಉಳಿದಿದೆ ಎಂದು ಇಡೀ ಮೇಜು ನೋಡುತ್ತದೆ. ಗುಂಪು ಒಟ್ಟಾಗಿ ಯೋಚಿಸುವುದು ಅಲ್ಲಿಂದಲೇ.

ಬೀಜಕ್ಕಿಂತ ಬಿಗಿಯಾದ ಕಟ್ಟು ಏಕಾಗ್ರತೆಯದು. ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ನಿಯಮವೂ ಇದೇ. ಹೊತ್ತು ಹಿಡಿದು ನಡೆಯುವ ಹಲವು ಮಂತ್ರಗಳಿಗೆ ಪ್ರಯೋಗಿಸಿದವನ ಗಮನ ಬೇಕು, ಮತ್ತು ಒಬ್ಬನಿಗೆ ಒಂದು ಸಮಯದಲ್ಲಿ ಅಂಥ ಒಂದೇ ಮಂತ್ರ. ನಮ್ಮ ಕ್ಲೆರಿಕ್, ಅಂದರೆ ದೈವಬಲದಿಂದ ಮಂತ್ರ ಹಾಕುವವಳು, ಮೂವರು ಸಂಗಡಿಗರಿಗೆ ಬ್ಲೆಸ್ ಹಾಕಿದ್ದಾಳೆ ಎಂದುಕೊಳ್ಳಿ. ಅವರು ಹೊಡೆಯಲು ಉರುಳಿಸುವ ಪ್ರತಿ ದಾಳಕ್ಕೂ ನಾಲ್ಕು ಮುಖದ ಇನ್ನೊಂದು ದಾಳ ಸೇರುತ್ತಿದೆ. ಈಗ ಶತ್ರು ನಾಯಕನನ್ನು ಹೋಲ್ಡ್ ಪರ್ಸನ್ ಮಂತ್ರದಿಂದ ಸ್ತಂಭಿಸಬೇಕೆಂದರೆ ಬ್ಲೆಸ್ ಬಿಡಬೇಕು. ನಡುವೆ ಪೆಟ್ಟು ಬಿದ್ದರೆ ದೇಹಬಲದ (ಕಾನ್‌ಸ್ಟಿಟ್ಯೂಷನ್) ಮೇಲೆ ಇಪ್ಪತ್ತು ಮುಖದ ದಾಳ ಹಾಕಿ, 10 ಅಥವಾ ಪೆಟ್ಟಿನ ಅರ್ಧ, ಯಾವುದು ಹೆಚ್ಚೋ ಅದನ್ನು ಮುಟ್ಟಬೇಕು; ಇಲ್ಲದಿದ್ದರೆ ಏಕಾಗ್ರತೆ ಮುರಿದು ಮಂತ್ರ ನಿಲ್ಲುತ್ತದೆ. ಏಳು ಅಂಕದ ಪೆಟ್ಟಿಗೆ 10 ಸಾಕು. ಮೂವತ್ತರ ಪೆಟ್ಟಿಗೆ 15 ಬೇಕು. ದೇಹಬಲದಲ್ಲಿ +2 ಇರುವವಳು 10ನ್ನು ಮುಟ್ಟುವ ಸಾಧ್ಯತೆ ಶೇ 65. ಆದರೆ ಪ್ರತಿ ಪೆಟ್ಟಿಗೂ ಪ್ರತ್ಯೇಕ ದಾಳ. ಹಾಗಾಗಿ ಒಂದು ದೊಡ್ಡ ಬಂಡೆಗಿಂತ ನಾಲ್ಕು ಸಣ್ಣ ಬಾಣಗಳು ಕ್ಲೆರಿಕ್‌ಗೆ ಅಪಾಯಕಾರಿಯಾಗಬಹುದು. ಇದು ಅರ್ಥವಾದ ದಿನದಿಂದ ನಮ್ಮ ಕತ್ತಿವರಸೆಯವನು ಶತ್ರುವಿನ ಹಿಂದೆ ಓಡುವುದನ್ನು ಬಿಟ್ಟು ಕ್ಲೆರಿಕ್‌ನ ಮುಂದೆ ನಿಲ್ಲತೊಡಗಿದ. ನಿಯಮವೊಂದು ಆಟಗಾರರನ್ನು ಪರಸ್ಪರ ಕಾಯುವಂತೆ ಮಾಡುತ್ತದಲ್ಲ, ಅದಕ್ಕಿಂತ ಒಳ್ಳೆಯ ನಿಯಮ ಯಾವುದಿದೆ?

ಈ ಏಕಾಗ್ರತೆಗೆ ಕೆಲಸ ಕೊಡುವಂಥ ಜಾಗಗಳನ್ನು ನಾನು ಹುಡುಕಿ ಕಟ್ಟುತ್ತೇನೆ. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗವನ್ನು ಹತ್ತಿದವರಿಗೆ ಗೊತ್ತು: ಸುತ್ತುಸುತ್ತಾಗಿ ಮೇಲೇರುವ ಕೋಟೆಗೋಡೆ, ಒಂದು ಹೆಬ್ಬಾಗಿಲು ದಾಟಿದರೆ ಇನ್ನೊಂದು, ಮೇಲಿನಿಂದ ನೋಡುವವನಿಗೆ ಕೆಳಗಿನ ದಾರಿಯೆಲ್ಲ ಬಯಲು. ಅದರ ನಕ್ಷೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಲ್ಪಿತ ಕೋಟೆಯೊಂದನ್ನು ಬರೆದೆ. ಬಾಗಿಲಿನ ಮುಂದಿನ ಬಯಲು ದಾಟಲು ಡ್ರೂಯಿಡ್, ಅಂದರೆ ಪ್ರಕೃತಿಯ ಬಲದಿಂದ ಮಂತ್ರ ಹಾಕುವವಳು, ಫಾಗ್ ಕ್ಲೌಡ್ ಹಾಕಿದಳು. ಸುಮಾರು ಆರು ಮೀಟರ್ ತ್ರಿಜ್ಯದ ಮಂಜು, ಗಮನ ಉಳಿದರೆ ಒಂದು ಗಂಟೆ. ಆದರೆ ಗಂಟೆಗೆ 16 ಕಿಲೋಮೀಟರ್ ವೇಗದ ಗಾಳಿ ಬಂದರೂ ಅದು ಚದುರುತ್ತದೆ ಎಂದು ಮಂತ್ರದಲ್ಲೇ ಬರೆದಿದೆ. ಆಗುಂಬೆಯ ಮಳೆಗಾಲ ಕಂಡವರಿಗೆ ಮಂಜು ಕಣ್ಣೆದುರೇ ಸರಿದುಹೋಗುವುದನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ‘ಗಾಳಿ ಯಾವ ಕಡೆಯಿಂದ ಬೀಸುತ್ತಿದೆ?’ ಎಂದು ಅವರು ಬೀಜ ಕೊಡುವ ಮೊದಲೇ ಕೇಳಿದರು. ಮಂತ್ರದ ಬರಹವನ್ನು ಪೂರ್ತಿ ಓದುವ ಅಭ್ಯಾಸ ಇಂಥ ಕಡೆ ಫಲ ಕೊಡುತ್ತದೆ.

ಮಂತ್ರಕ್ಕೆ ಮಾತು, ಹಸ್ತಕ್ರಿಯೆ, ವಸ್ತು ಈ ಮೂರರಲ್ಲಿ ಯಾವುದು ಬೇಕೆಂದು ಪ್ರತಿಯೊಂದರ ಕೆಳಗೂ ಸೂಚನೆ ಇರುತ್ತದೆ. ಕಾವಲಿನವನ ಪಕ್ಕದಲ್ಲೇ ನಿಂತಿದ್ದಾಗ ಒಬ್ಬ ಆಟಗಾರ ಕೇಳಿದ: ‘ಅಣ್ಣಾ, ತುಟಿಯೊಳಗೇ ಹೇಳಿಕೊಂಡರೆ ಅವನಿಗೆ ಕೇಳಿಸುತ್ತದೆಯೇ?’ ಕೇಳಿಸುತ್ತದೆ. ಮಾತಿನ ಮಂತ್ರಕ್ಕೆ ನಿರ್ದಿಷ್ಟ ಸ್ವರ, ನಿರ್ದಿಷ್ಟ ಅನುರಣನ ಬೇಕೆಂದು ನಿಯಮ ಹೇಳುತ್ತದೆ. ಬಾಯಿಗೆ ಬಟ್ಟೆ ತುರುಕಿದರೆ ಅಥವಾ ಸೈಲೆನ್ಸ್ ಮಂತ್ರದ ವಲಯದಲ್ಲಿ ನಿಂತರೆ ಅಂಥದ್ದು ನಡೆಯುವುದೇ ಇಲ್ಲ. ನಮ್ಮ ಗುಂಪಿನಲ್ಲಿ ತಾಳಮದ್ದಲೆಯಲ್ಲಿ ಅರ್ಥ ಹೇಳಿ ಪಳಗಿದ ಹಿರಿಯರೊಬ್ಬರಿದ್ದಾರೆ. ಅವರು ಮಂತ್ರ ಹಾಕುವಾಗಲೆಲ್ಲ ಎರಡು ಸಾಲು ಕಟ್ಟಿ ದನಿಯೆತ್ತಿ ಹೇಳುತ್ತಾರೆ. ಅವರಿಂದಾಗಿ ಈಗ ಯಾರೂ ಪಿಸುಮಾತಿನ ವಾದ ತರುವುದಿಲ್ಲ.

ಇನ್ನು ವಿಶ್ರಾಂತಿ. ಎಂಟು ಗಂಟೆಯ ದೀರ್ಘ ವಿಶ್ರಾಂತಿ ಮುಗಿದರೆ ಗುಳಿಗಳೆಲ್ಲ ಮತ್ತೆ ತುಂಬುತ್ತವೆ. 24 ಗಂಟೆಗೆ ಒಂದೇ ಸಲ ಅದರ ಫಲ. ಅತಿಮಾನುಷ ಶಕ್ತಿಯೊಂದರ ಜೊತೆ ಒಪ್ಪಂದ ಮಾಡಿಕೊಂಡು ಮಂತ್ರ ಪಡೆದ ವಾರ್ಲಾಕ್‌ನ ಬೀಜಗಳು ಕಡಿಮೆ, ಆದರೆ ಒಂದು ಗಂಟೆಯ ಕಿರುವಿಶ್ರಾಂತಿಗೇ ಮರಳುತ್ತವೆ. ದಿನಕ್ಕೊಂದೇ ಕಾಳಗ ಇಟ್ಟರೆ ವಿಝರ್ಡ್ ಎಲ್ಲ ಬೀಜ ಸುರಿದು, ಮಲಗಿ, ಮರುದಿನ ಮತ್ತೆ ಸುರಿಯುತ್ತಾನೆ; ಉಳಿದವರು ನೋಡುತ್ತಾ ಕೂರಬೇಕಾಗುತ್ತದೆ. ಮಲಗಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಮಲಗುವುದಕ್ಕೂ ಬೆಲೆ ಇಡುತ್ತೇನೆ.

ಆ ಕೋಟೆಯ ಕೆಳಗೆ ಒಂದು ಹೊಳೆ, ಹೊಳೆಯ ದಡದಲ್ಲಿ ಒಂದು ಊರು ಇಟ್ಟೆ. ತುಂಗೆ ಏರಿದಾಗ ಮಂಟಪ ಮುಳುಗಿತೇ ಎಂದು ಸೇತುವೆಯ ಮೇಲೆ ನಿಂತು ನೋಡಿದ ಊರಿನವರು ನಾವು. ನೆರೆಯ ಭಯವನ್ನು ಯಾರಿಗೂ ವಿವರಿಸಬೇಕಿರಲಿಲ್ಲ. ಕೋಟೆಯೊಳಗಿನ ತೂಬನ್ನು ತೆರೆಯದಿದ್ದರೆ ಊರು ಮುಳುಗುತ್ತದೆ. ಪ್ರತಿ ಎಂಟು ಗಂಟೆಗೆ ನೀರು ಒಂದು ಮೆಟ್ಟಿಲು ಮೇಲೆ. ಉದ್ದನೆಯ ಕಾಗದದ ಪಟ್ಟಿಯಲ್ಲಿ ಹತ್ತು ನಿಮಿಷಕ್ಕೊಂದು ಮನೆಯಂತೆ ಗೆರೆ ಎಳೆದು ಮೇಜಿನ ನಡುವೆ ಇಟ್ಟೆ. ಕಿರುವಿಶ್ರಾಂತಿಗೆ ಆರು ಮನೆ. ಡಿಟೆಕ್ಟ್ ಮ್ಯಾಜಿಕ್‌ನಂಥ ಮಂತ್ರವನ್ನು ವಿಧಿಯಾಗಿ ಹಾಕಿದರೆ ಬೀಜ ಉಳಿಯುತ್ತದೆ, ಆದರೆ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಹಾಗಾಗಿ ಅದಕ್ಕೂ ಒಂದು ಮನೆ. ಬೀಜ ಕೊಡುವುದೋ, ಹೊತ್ತು ಕೊಡುವುದೋ ಎಂಬ ಚರ್ಚೆ ಕಾಳಗದಷ್ಟೇ ಬಿಸಿಯಾಗಿ ನಡೆಯಿತು. ಕೊನೆಯ ಬಾಗಿಲಿಗೆ ಬಂದಾಗ ವಿಝರ್ಡ್‌ನ ಮೂರನೇ ಗುಳಿಯಲ್ಲಿ ಒಂದೇ ಬೀಜ. ಸುತ್ತಲಿದ್ದವರನ್ನೆಲ್ಲ ಸುಡುವ ಫೈರ್‌ಬಾಲ್‌ಗೆ ಆರು ಮುಖದ ಎಂಟು ದಾಳ, ಸರಾಸರಿ 28 ಅಂಕದ ಪೆಟ್ಟು. ಆದರೆ ತೂಬಿನ ಮರದ ಚಕ್ರವೂ ಅಲ್ಲೇ, ಒತ್ತೆಯಾಳುಗಳೂ ಅಲ್ಲೇ. ಅವನು ಆ ಬೀಜವನ್ನು ಮ್ಯಾಜಿಕ್ ಮಿಸೈಲ್‌ಗೆ ಕೊಟ್ಟು, ಐದು ಬಾಣಗಳನ್ನು ಐವರು ಕಾವಲಿನವರಿಗೆ ಹಂಚಿದ.

2024ರ ಪರಿಷ್ಕೃತ ಪುಸ್ತಕದಿಂದ ನಾವು ಒಂದೇ ಒಂದು ನಿಯಮ ತಂದುಕೊಂಡಿದ್ದೇವೆ: ಒಂದು ಸರದಿಯಲ್ಲಿ ಒಂದೇ ಸ್ಲಾಟ್ ಖರ್ಚು ಮಾಡಬಹುದು. 2014ರಲ್ಲಿ ಬೋನಸ್ ಆಕ್ಷನ್ (ಸರದಿಯ ಮುಖ್ಯ ಕ್ರಿಯೆಯ ಜೊತೆಗೆ ಮಾಡಬಹುದಾದ ಕಿರುಕ್ರಿಯೆ) ಮಂತ್ರಗಳ ಬಗ್ಗೆ ಇದ್ದ ಸುತ್ತುಬಳಸಿನ ವಾಕ್ಯಕ್ಕಿಂತ ಇದು ಎಷ್ಟೋ ಸ್ಪಷ್ಟ.

ಐದನೇ ಮಟ್ಟದ ಕ್ಲೆರಿಕ್ ಇರುವ ಗುಂಪಿಗೆ ಆಟ ನಡೆಸುವವರು ಮೊದಲೇ ತೀರ್ಮಾನಿಸಿಕೊಳ್ಳಬೇಕಾದದ್ದು ವಜ್ರದ ವಿಷಯ. ಸತ್ತು ಒಂದು ನಿಮಿಷದೊಳಗೆ ರಿವಿವಿಫೈ ಹಾಕಿದರೆ ಜೀವ ಮರಳುತ್ತದೆ, ಆದರೆ 300 ಚಿನ್ನದ ನಾಣ್ಯ ಬೆಲೆಯ ವಜ್ರ ಕರಗಿಹೋಗುತ್ತದೆ. ಬೆಲೆ ನಮೂದಿಸಿದ ವಸ್ತುವಿಗೆ ಬದಲಿ ನಡೆಯುವುದಿಲ್ಲ. ಆದ್ದರಿಂದ ಕಥೆ ಶುರುವಾಗುವ ಮೊದಲೇ ಆ ಸೀಮೆಯಲ್ಲಿರುವ ವಜ್ರಗಳೆಷ್ಟು, ಯಾವುದು ಯಾರ ಬಳಿ ಇದೆ ಎಂದು ಬರೆದಿಡುತ್ತೇನೆ: ದೇವಾಲಯದ ಭಂಡಾರದಲ್ಲಿ ಒಂದು, ಕಾಳುಮೆಣಸಿನ ವರ್ತಕನ ಪೆಟ್ಟಿಗೆಯಲ್ಲಿ ಒಂದು, ಮೂರನೆಯದು ಆಟಗಾರರು ಕದನಕ್ಕೆ ಹೊರಟಿರುವ ಪಾಳೆಯಗಾರನ ಉಂಗುರದಲ್ಲಿ.