ಉಳುಮೆ ಮಧ್ಯೆ ಟ್ರ್ಯಾಕ್ಟರ್ ನಿಲ್ಲುತ್ತಿತ್ತು: ದೋಷ ಇದ್ದದ್ದು ಟ್ಯಾಂಕ್ ಮುಚ್ಚಳದಲ್ಲಿ

ಮಣ್ಣು ಪುಡಿ ಮಾಡುವ ರೋಟವೇಟರ್ ಹಾಕಿ ಸ್ವಲ್ಪ ಹೊತ್ತು ಓಡಿಸಿದರೆ ಇಂಜಿನ್ ಬಲ ಕುಗ್ಗಿ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಮತ್ತೆ ಸ್ಟಾರ್ಟ್. ಡೀಸೆಲ್ ಫಿಲ್ಟರ್ ಬದಲಿಸಿದೆ, ಏರ್ ಕ್ಲೀನರ್ ಸ್ವಚ್ಛ ಮಾಡಿದೆ, ಪೈಪ್ ಜಾಯಿಂಟ್ ಬಿಗಿ ಮಾಡಿದೆ. ಪ್ರಯೋಜನವಾಗಲಿಲ್ಲ. ಡೀಸೆಲ್ ಪಂಪ್ ಬಿಚ್ಚಿಸುವ ಮೊದಲು ಇದನ್ನು ನೋಡಿ.

ಇಂಜಿನ್ ಕುಗ್ಗತೊಡಗಿದಾಗ ಗಾಡಿ ನಿಲ್ಲಿಸಿ, ಪಿಟಿಒ (ರೋಟವೇಟರ್ ತಿರುಗಿಸುವ ಶಾಫ್ಟ್) ಬಿಡಿಸಿ, ಡೀಸೆಲ್ ಟ್ಯಾಂಕ್ ಮುಚ್ಚಳ ನಿಧಾನ ಸಡಿಲಿಸಿ. ಗಾಳಿ ಒಳಗೆ ಎಳೆದುಕೊಳ್ಳುವ ಸದ್ದು ಬಂದರೆ ಮುಚ್ಚಳದ ಗಾಳಿ ತೂತು ಧೂಳಿನಿಂದ ಕಟ್ಟಿದೆ ಎಂದೇ ಲೆಕ್ಕ. ಡೀಸೆಲ್ ಇಳಿದ ಜಾಗಕ್ಕೆ ಗಾಳಿ ಬರದಿದ್ದರೆ ಪಂಪ್‌ಗೆ ಡೀಸೆಲ್ ಸಿಗುವುದಿಲ್ಲ, ಅಲ್ವಾ? ಮುಚ್ಚಳವನ್ನು ಡೀಸೆಲ್‌ನಲ್ಲಿ ನೆನೆಸಿ, ತೂತಿಗೆ ತೆಳು ತಂತಿ ಹಾಕಿ, ಒಳಗಡೆಯಿಂದ ಹೊರಕ್ಕೆ ಊದಿ. ವಾಲ್ವ್ ಇರುವ ಮುಚ್ಚಳಕ್ಕೆ ತಂತಿ ಬೇಡ, ಹೊಸದೇ ಹಾಕಿ.

ಆಮೇಲೆ ಡೀಸೆಲ್ ಲೈನ್‌ನಲ್ಲಿ ಸೇರಿದ ಏರ್ ತೆಗೆಯಿರಿ. ಮೊದಲು ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ನಂತರ ಪಂಪ್ ಸ್ಕ್ರೂ. ಡೀಸೆಲ್ ತಳ್ಳುವ ಕೈಪಂಪ್ ಒತ್ತುತ್ತಾ, ಗುಳ್ಳೆ ನಿಂತ ಮೇಲೆಯೇ ಆಯಾ ಸ್ಕ್ರೂ ಬಿಗಿ ಮಾಡಿ.